ಬೀದಿ ಮೊದಲೋ, ಮನೆ ಮೊದಲೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮಾಡಿದವರು ಗೃಹಸ್ಥನ ಕಷ್ಟಗಳನ್ನೆಲ್ಲ ಬಲ್ಲವರೇ ಸರಿ. ಆದರೆ ಒಂದು ಕಷ್ಟ ಮಾತ್ರ ಅವರ ಲೆಕ್ಕಕ್ಕೆ ಬಂದಂತಿಲ್ಲ. ಮನೆ ಕಟ್ಟಲು ನೆಲ ಬೇಕು, ಆ ನೆಲವನ್ನು ಹಣ ತೆತ್ತು ಕೊಳ್ಳಬೇಕು ಎಂಬ ಚಿಂತೆ ಅವರಿಗಿರಲಿಲ್ಲ. ಅಜ್ಜನ ಕಾಲದ ಹಿತ್ತಲೋ, ಗ್ರಾಮಠಾಣದಲ್ಲಿ ಪಟೇಲರು ತೋರಿಸಿದ ಒಂದು ಮೂಲೆಯೋ ಇದ್ದೇ ಇರುತ್ತಿತ್ತು. ಮಣ್ಣು, ಮರ, ಆಳು ಇವುಗಳನ್ನು ಹೊಂದಿಸುವುದೇ ದೊಡ್ಡ ಸಾಹಸವಾಗಿತ್ತು. ಈಗ ಕಾಲ ತಿರುಗಿದೆ. ಸಾಲ ಸಿಕ್ಕಿದರೆ ಮನೆ ಹೇಗೋ ಎದ್ದೀತು. ನೆಲವನ್ನು ಕೊಂಡು ದಕ್ಕಿಸಿಕೊಳ್ಳುವುದೇ ಸಾಹಸವಾಗಿದೆ. ಗಾದೆಗೆ ಇನ್ನೊಂದು ತುಂಡನ್ನು ಸೇರಿಸಿ ‘ಸೈಟು ಕೊಂಡು ನೋಡು’ ಎಂದರೆ ತಪ್ಪಾಗಲಾರದು.

ಮೈಸೂರಿನಿಂದ ಯಾವುದೇ ಭಾನುವಾರ ಹುಣಸೂರು ರಸ್ತೆಯಲ್ಲೋ, ಹೆಗ್ಗಡದೇವನಕೋಟೆ ರಸ್ತೆಯಲ್ಲೋ, ಕೃಷ್ಣರಾಜನಗರದ ಕಡೆಗೋ ಹೊರಟವರಿಗೆ ಈ ಮಾತಿನ ಅರ್ಥ ಬೇಗ ಆಗುತ್ತದೆ. ನಿನ್ನೆ ರಾಗಿಯೋ ಹುರುಳಿಯೋ ಬೆಳೆದ ಹೊಲದಲ್ಲಿ ಇಂದು ಬಿಳಿಯ ಕಲ್ಲುಗಳು ಸಾಲಾಗಿ ನಿಂತಿವೆ. ರಸ್ತೆಯ ಬದಿಗೆ ಒಂದು ಕಮಾನು, ಕಮಾನಿನ ಮೇಲೆ ಒಂದು ದೇವರ ಹೆಸರೋ ಹೂವಿನ ಹೆಸರೋ, ಅದರ ಕೆಳಗೆ ‘ಪ್ರಶಾಂತ ವಾತಾವರಣ’ ಎಂಬ ಎರಡು ಪದಗಳು. ನಗರದಲ್ಲಿ ಮೂವತ್ತು ವರ್ಷ ದುಡಿದು ನಾಲ್ಕು ಕಾಸು ಕೂಡಿಟ್ಟ ಗೃಹಸ್ಥನಿಗೆ ಈ ಎರಡು ಪದಗಳಷ್ಟು ಮೋಹಕವಾದುವು ಬೇರೆ ಇಲ್ಲ. ಅವನು ಕೊಳ್ಳಹೊರಟಿರುವುದು ಮೂವತ್ತಡಿ ಅಗಲ, ನಲವತ್ತಡಿ ಉದ್ದದ ಮಣ್ಣನ್ನಲ್ಲ, ಶಾಂತಿಯನ್ನು. ಆದರೆ ಶಾಂತಿಯೆಂಬುದು ಚಕ್ಕುಬಂದಿ ಹಾಕಿ ಕ್ರಯಪತ್ರದಲ್ಲಿ ಬರೆದುಕೊಡಬಹುದಾದ ಪದಾರ್ಥವೇ? ಪ್ರಶಾಂತವಾದ ಬಡಾವಣೆಗಳು ನಮ್ಮ ಸೀಮೆಯಲ್ಲಿ ಹಿಂದೆ ಹೇಗೆ ಹುಟ್ಟಿದವು? ಈ ಪ್ರಶ್ನೆಗೆ ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಮೈಸೂರಿನ ಪಶ್ಚಿಮಕ್ಕಿರುವ ನಾಲ್ಕು ತಾಲ್ಲೂಕುಗಳ ಚರಿತ್ರೆಯಲ್ಲೇ ಅದು ಅಡಗಿದೆ.

ಆ ನಾಲ್ಕು ಊರುಗಳ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ. ಒಂದು ಕೋಟೆ, ಒಂದು ಪಟ್ಟಣ, ಒಂದು ಊರು, ಒಂದು ನಗರ. ಕನ್ನಡ ನಾಡಿನಲ್ಲಿ ಜನ ಒಟ್ಟುಗೂಡಿ ಬಾಳಿದ ನಾಲ್ಕು ಬಗೆಗಳು ಅಕ್ಕಪಕ್ಕದಲ್ಲೇ ಹೆಸರಾಗಿ ನಿಂತಿರುವುದು ಆಕಸ್ಮಿಕವಿರಬಹುದು. ನಮ್ಮ ವಿಚಾರಕ್ಕಂತೂ ಅನುಕೂಲವಾದ ಆಕಸ್ಮಿಕ.

ಕೋಟೆಯ ಕಾಲದಲ್ಲಿ ಊರ ಹೊರಗಿನ ಮೌನವೆಂದರೆ ಭಯ. ಕಬಿನಿಯ ದಂಡೆಯ ಕಾಡುಸೀಮೆಯಲ್ಲಿ ಆನೆ, ಹುಲಿಗಳ ಭಯ; ಅದಕ್ಕಿಂತ ಹೆಚ್ಚಾಗಿ ದಂಡಿನ ಭಯ, ದರೋಡೆಯ ಭಯ. ಕತ್ತಲಾಗುವ ಮೊದಲು ಬಾಗಿಲೊಳಗೆ ಸೇರಿಕೊಂಡವನೇ ಸುಖಿ. ಪಿರಿಯಾಪಟ್ಟಣದ ಕಥೆಯೂ ಹೀಗೆಯೇ. ಚಂಗಾಳ್ವ ಅರಸರ ಆ ನೆಲೆಯನ್ನು ಹದಿನೇಳನೆಯ ಶತಮಾನದ ನಡುವೆ ಕಂಠೀರವ ನರಸರಾಜ ಒಡೆಯರು ಗೆದ್ದುಕೊಂಡರು. ಮೈಸೂರಿಗೂ ಕೊಡಗಿಗೂ ನಡುವೆ ಇದ್ದ ಊರಾದ್ದರಿಂದ ಆಮೇಲೂ ಅದು ದಂಡಿನ ದಾರಿಯಾಗಿಯೇ ಉಳಿಯಿತು. ಅಲ್ಲಿಯ ಗೃಹಸ್ಥನಿಗೆ ಯಾರಾದರೂ ಬಂದು ‘ಗದ್ದಲದಿಂದ ದೂರವಾಗಿ, ಗೋಡೆಯ ಆಚೆ, ಒಂಟಿಯಾಗಿ ಒಂದು ಮನೆಗೆ ಜಾಗ ಕೊಡುತ್ತೇನೆ’ ಎಂದಿದ್ದರೆ, ಅವನು ಅದನ್ನು ಶಾಪವೆಂದು ತಿಳಿಯುತ್ತಿದ್ದನೇ ಹೊರತು ವರವೆಂದಲ್ಲ. ಮನೆಯ ಗೋಡೆಗೆ ಪಕ್ಕದ ಮನೆಯ ಗೋಡೆ ತಗುಲಿರಬೇಕು, ಜಗಲಿಯಿಂದ ಜಗಲಿಗೆ ಮಾತು ಕೇಳಬೇಕು. ಬಾಳು ಭದ್ರವೆನಿಸುತ್ತಿದ್ದುದು ಆಗ.

ಹಾಗಾದರೆ ಗೋಡೆಯ ಆಚೆಯ ಮೌನ ಭಯದಿಂದ ಬಯಕೆಯಾದದ್ದು ಯಾವಾಗ? ಅದಕ್ಕೆ ಉತ್ತರ ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಾರಿ ೧೮೯೮ರ ಆಗಸ್ಟಿನಲ್ಲಿ ರೈಲಿನ ಜೊತೆ ಬೆಂಗಳೂರಿಗೆ ಬಂದಿತು, ಮೈಸೂರನ್ನೂ ಬಿಡಲಿಲ್ಲ. ಯಾವ ಅಕ್ಕಪಕ್ಕದ ಗೋಡೆಗಳು ಶತಮಾನಗಳಿಂದ ಜನರನ್ನು ಕಾಪಾಡಿದ್ದುವೋ ಅವೇ ಈಗ ಇಲಿಗಳಿಗೆ ದಾರಿಯಾದುವು. ಇಲಿ ಬಿದ್ದಿತೆಂದರೆ ಮನೆ ಬಿಡಬೇಕು. ಜನ ಊರಿಗೆ ಊರನ್ನೇ ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆದರು. ಬಯಲಿನ ಗಾಳಿ, ಬೆಳಕು, ಮನೆಯಿಂದ ಮನೆಗೆ ಇರುವ ಅಂತರ ಇವು ಜೀವ ಉಳಿಸುತ್ತವೆಂಬ ಪಾಠವನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ, ಸಾವಿನಿಂದ.

ಸರ್ಕಾರವೂ ಈ ಪಾಠವನ್ನು ಕಲಿಯಿತು. ಮುಂಬಯಿಯಲ್ಲಿ ೧೮೯೮ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ಹುಟ್ಟಿತು. ಬೆಂಗಳೂರಿನಲ್ಲಿ ಮೊದಲೇ ಯೋಚಿಸಿದ್ದ ಬಸವನಗುಡಿ, ಮಲ್ಲೇಶ್ವರಗಳು ಪ್ಲೇಗಿನ ದೆಸೆಯಿಂದ ಬೇಗಬೇಗ ಬೆಳೆದುವು. ೧೯೦೨ರಲ್ಲಿ ರಾಜ್ಯಭಾರವನ್ನು ವಹಿಸಿಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಾರನೆಯ ವರ್ಷವೇ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂದಿತು. ದೇಶದಲ್ಲಿ ಹೀಗೆ ಮೊದಲು ಹುಟ್ಟಿದ ಕೆಲವೇ ಮಂಡಳಿಗಳಲ್ಲಿ ಅದೂ ಒಂದು. ಅದೇ ೧೯೦೩ರಲ್ಲಿ ಇಂಗ್ಲೆಂಡಿನಲ್ಲಿ, ಎಬೆನೇಜರ್ ಹೋವರ್ಡನ ಉದ್ಯಾನನಗರದ ಕಲ್ಪನೆಗೆ ಅನುಸಾರವಾಗಿ ಲೆಚ್‌ವರ್ತ್ ಎಂಬ ಹೊಸ ಊರಿಗೆ ತಳಹದಿ ಬಿದ್ದಿತೆಂಬುದನ್ನು ನೆನೆದರೆ, ಮೈಸೂರು ಕಾಲಕ್ಕೆ ಹಿಂದೆ ಬಿದ್ದಿರಲಿಲ್ಲವೆಂದು ತಿಳಿಯುತ್ತದೆ. ಚಾಮರಾಜಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ವಾಣಿವಿಲಾಸ ಮೊಹಲ್ಲಾ, ಜಯಲಕ್ಷ್ಮೀಪುರ ಹೀಗೆ ಬಡಾವಣೆಗಳು ಮುಂದಿನ ವರ್ಷಗಳಲ್ಲಿ ಬೆಳೆದುವು. ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಗಲ್ಲಿ. ಈಗ ನಾವು ಹಳೆಯ ಮೈಸೂರಿನ ಸೊಬಗೆಂದು ಕೊಂಡಾಡುವುದೆಲ್ಲ ಆಗ ವೈದ್ಯರ ಸಲಹೆಯಾಗಿತ್ತು. ಸೊಬಗು ಆಮೇಲೆ ಬಂದ ಬಡ್ಡಿ.

ಮೈಸೂರು ನಗರಕ್ಕೆ ಪ್ಲೇಗು ಕಲಿಸಿದ್ದನ್ನು ಅದರ ವಾಯವ್ಯದ ಒಂದು ತಾಲ್ಲೂಕಿಗೆ ಕಾವೇರಿ ಕಲಿಸಿತು. ಇಂದು ಕೃಷ್ಣರಾಜನಗರವೆನಿಸಿರುವ ತಾಲ್ಲೂಕಿಗೆ ಹಿಂದೆ ಎಡತೊರೆಯೆಂದು ಹೆಸರು. ನದಿಯು ಅಲ್ಲಿ ಎಡಕ್ಕೆ ಹರಿಯುವುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಹೊಳೆಯ ದಡದಲ್ಲಿ ಅರ್ಕೇಶ್ವರನ ಗುಡಿ, ಅದರ ಮಗ್ಗುಲಲ್ಲಿ ಊರು. ತಾಲ್ಲೂಕಿನ ಕಚೇರಿ, ಅಗ್ರಹಾರ, ಅಂಗಡಿಬೀದಿ ಎಲ್ಲವೂ ಹೊಳೆಯ ನೆರೆಯಲ್ಲಿ. ಕಾವೇರಿಯ ಹತ್ತಿರ ಇರುವುದು ಪುಣ್ಯ; ಸ್ನಾನಕ್ಕೆ, ಸಂಧ್ಯಾವಂದನೆಗೆ, ಬಟ್ಟೆ ಒಗೆಯುವುದಕ್ಕೆ, ಕುಡಿಯುವುದಕ್ಕೆ ಎಲ್ಲಕ್ಕೂ ಆಕೆಯೇ. ಆದರೆ ಆಷಾಢ ಶ್ರಾವಣಗಳಲ್ಲಿ ಕೊಡಗಿನ ಬೆಟ್ಟಗಳ ಮಳೆಯೆಲ್ಲ ಒಟ್ಟುಗೂಡಿ ಬಂದಾಗ ಈ ಪುಣ್ಯವೇ ಮನೆಯೊಳಕ್ಕೆ ನುಗ್ಗುತ್ತಿತ್ತು.

೧೯೨೪ರ ಜುಲೈ ತಿಂಗಳ ಮಳೆ ದಕ್ಷಿಣ ಭಾರತದ ನೆನಪಿನಲ್ಲಿ ಅಚ್ಚೊತ್ತಿದ್ದು. ಕೇರಳದಲ್ಲಿ ಅದು ಕೊಲ್ಲವರ್ಷ ೧೦೯೯ ಆದ್ದರಿಂದ ಅಲ್ಲಿಯವರು ಇಂದಿಗೂ ‘ತೊಂಬತ್ತೊಂಬತ್ತರ ನೆರೆ’ ಎಂದೇ ಹೇಳುತ್ತಾರೆ. ಪಶ್ಚಿಮ ಘಟ್ಟದ ಈಚೆಗೆ ಕಾವೇರಿಯೂ ಹುಚ್ಚಾಗಿ ಹರಿದಳು. ಹೊಳೆಯ ಪಕ್ಕದ ಎಡತೊರೆ ಇನ್ನು ಅಲ್ಲಿರುವುದು ಕ್ಷೇಮವಲ್ಲವೆಂಬುದು ಖಚಿತವಾಯಿತು. ಊರನ್ನೇ ನೆರೆಯ ಕೈಗೆ ಸಿಗದ ನೆಲಕ್ಕೆ ಸಾಗಿಸಬೇಕೆಂದು ಸಂಸ್ಥಾನ ನಿರ್ಧರಿಸಿತು. ೧೯೨೫ರಿಂದ ೧೯೩೦ರ ಅವಧಿಯಲ್ಲಿ ಹೊಸ ಊರು ಎದ್ದಿತು. ಅದಕ್ಕೆ ಆಳುವ ಮಹಾರಾಜರ ಹೆಸರನ್ನೇ ಇಟ್ಟರು, ಕೃಷ್ಣರಾಜನಗರವಾಯಿತು. ಮೈಸೂರಿನಿಂದ ಹಾಸನ, ಅರಸೀಕೆರೆಗಳಿಗೆ ಹೋಗುವ ರೈಲಿನ ದಾರಿಯ ಮೇಲಿರುವುದರಿಂದ ಪ್ರಯಾಣಿಕರಿಗೂ ಅದು ಪರಿಚಿತವಾಯಿತು.

ಈ ಊರಿನ ವಿಶೇಷವನ್ನು ತಿಳಿಯಲು ಯಾವ ದಸ್ತಾವೇಜೂ ಬೇಡ. ಒಂದು ಬೆಳಗ್ಗೆ ಅದರ ಬೀದಿಗಳಲ್ಲಿ ನಡೆದುಬಂದರೆ ಸಾಕು. ಬೀದಿಗಳು ಅಗಲವಾಗಿವೆ, ಅಗಲಕ್ಕಿಂತ ಮುಖ್ಯವಾಗಿ ನೇರವಾಗಿವೆ. ನಮ್ಮ ಹಳೆಯ ಊರುಗಳ ಬೀದಿಗಳು ನೇರವಾಗಿಲ್ಲವೇಕೆ? ಅಲ್ಲಿ ಮನೆ ಮೊದಲು ಹುಟ್ಟಿತು, ಮನೆಗಳ ನಡುವೆ ಉಳಿದ ಸಂದಿಯೇ ಬೀದಿಯಾಯಿತು. ಒಬ್ಬರ ಜಗಲಿ ಮುಂದೆ ಬಂದರೆ ಬೀದಿ ಹಿಂದೆ ಸರಿಯಿತು. ಬೀದಿ ಸೂತ್ರ ಹಿಡಿದಂತೆ ಸಾಗಿರುವ ಊರಿನಲ್ಲಿ ಬೀದಿಯೇ ಮೊದಲು, ಮನೆ ಆಮೇಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಕೃಷ್ಣರಾಜನಗರದಲ್ಲಿ ಮೊದಲು ನೆಲವನ್ನು ಆರಿಸಿದರು. ನೀರು ಎಲ್ಲಿಯವರೆಗೆ ಬರುತ್ತದೆಂಬುದನ್ನು ಕಣ್ಣಾರೆ ಕಂಡಿದ್ದವರಿಗೆ ಆ ಆಯ್ಕೆ ತಿಳಿಯದ್ದಲ್ಲ. ಆಮೇಲೆ ಬೀದಿ ಹಾಕಿದರು. ಕಟ್ಟಕಡೆಗೆ ನಿವೇಶನ. ನೆಲ, ಬೀದಿ, ಮನೆ ಎಂಬ ಈ ಕ್ರಮದಲ್ಲಿಯೇ ಆ ಊರಿನ ಶಾಂತಿಯ ಗುಟ್ಟಿದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಊರು ಸರಿದರೂ ದೇವರು ಸರಿಯಲಿಲ್ಲ. ಅರ್ಕೇಶ್ವರಸ್ವಾಮಿ ಹೊಳೆಯ ದಡದಲ್ಲೇ ಉಳಿದ. ಅರ್ಕನೆಂದರೆ ಸೂರ್ಯನಲ್ಲವೆ? ರಥಸಪ್ತಮಿಗೆ ಅಲ್ಲಿ ತೇರು ನಡೆಯುತ್ತದೆ. ಹೊಸ ನಗರದ ಜನ ಹಳೆಯ ತೊರೆಗೆ ಇಳಿದು ಹೋಗುತ್ತಾರೆ. ಹೊಳೆಗೆ ಅದರ ಜಾಗ ಬಿಟ್ಟುಕೊಟ್ಟು, ಮನೆಯನ್ನು ದೂರವಿಟ್ಟು, ಸಂಬಂಧವನ್ನು ಮಾತ್ರ ಕಡಿದುಕೊಳ್ಳದೆ ಇರುವ ಈ ಏರ್ಪಾಡಿನಲ್ಲಿ ಬಹಳ ವಿವೇಕವಿದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಸುಖಾಂತವಾದೀತು. ಆದರೆ ಅರ್ಧ ಕಥೆಯಾದೀತು. ಒಬ್ಬರ ಪ್ರಶಾಂತ ಬಡಾವಣೆ ಇನ್ನೊಬ್ಬರ ಕಳೆದುಹೋದ ಹೊಲವಾಗಿರುವುದು ಸಾಮಾನ್ಯ. ಮೈಸೂರಿನ ಒಂಟಿಕೊಪ್ಪಲು, ಪಡುವಾರಹಳ್ಳಿ ಮುಂತಾದ ಹೆಸರುಗಳು ಹಳ್ಳಿಗಳ ಹೆಸರು. ಬಡಾವಣೆಗಳು ಬಂದು ಅವುಗಳನ್ನು ಸುತ್ತುವರಿದುವು. ಹೊಲ ಹೋಯಿತು, ಹೆಸರು ಉಳಿಯಿತು. ಕೃಷ್ಣರಾಜನಗರ ಎದ್ದ ವರ್ಷಗಳಲ್ಲೇ, ೧೯೧೧ರಲ್ಲಿ ಆರಂಭವಾಗಿದ್ದ ಕನ್ನಂಬಾಡಿಯ ಕಟ್ಟೆಯೂ ಏಳುತ್ತಿತ್ತು. ಅದರ ಹಿನ್ನೀರು ಹಳೆಯ ಕನ್ನಂಬಾಡಿಯನ್ನೂ ಇತರ ಹಳ್ಳಿಗಳನ್ನೂ ನುಂಗಿತು. ಮಂಡ್ಯಕ್ಕೆ ಹಸುರು, ಮೈಸೂರಿಗೆ ನೀರು. ಮುಳುಗಿದ ಊರಿನವರಿಗೆ ಹೊಸ ನೆಲ, ಹೊಸ ನೆರೆಹೊರೆ.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಕಥೆ ಇನ್ನೂ ಈಚೆಗೆ ನಡೆಯಿತು. ೧೯೭೪ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಎಷ್ಟೋ ಹಳ್ಳಿಗಳು ನೀರಿಗೆ ಸಂದುವು. ಪುನ್ನಾಟದ ಅರಸರ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರು ಈ ಕಬಿನಿಯ ದಂಡೆಯದೇ. ನಾಗರಹೊಳೆಯ ಕಾಡನ್ನು ವನ್ಯಮೃಗಗಳಿಗೆ ಮೀಸಲಿಡುವಾಗ ಜೇನುಕುರುಬರೂ ಬೆಟ್ಟಕುರುಬರೂ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಅವರ ಸ್ಥಿತಿಗತಿಯನ್ನು ವಿಚಾರಿಸಲು ಉಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ, ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ ೨೦೧೪ರಲ್ಲಿ ವರದಿ ಸಲ್ಲಿಸಿತು. ಇಂದು ಅದೇ ಹಿನ್ನೀರಿನ ಅಂಚಿನಲ್ಲಿ, ಅದೇ ಕಾಡಿನ ನೆರೆಯಲ್ಲಿ ‘ನಿಸರ್ಗದ ಮಡಿಲಿನ ಮನೆ’ಗಳಿಗೆ ಗಿರಾಕಿಗಳು ಬರುತ್ತಾರೆ. ಕಾಡಿನವರಿಗೆ ಕಾಡು ತಪ್ಪಿತು. ನಾಡಿನವರಿಗೆ ಕಾಡಿನ ನೋಟ ದಕ್ಕಿತು. ನಗುವುದೋ ಅಳುವುದೋ ವಾಚಕರೇ ತೀರ್ಮಾನಿಸಬೇಕು.

ಪಿರಿಯಾಪಟ್ಟಣದ ತಾಲ್ಲೂಕಿನಲ್ಲಿ ಮತ್ತೊಂದು ಬಗೆಯ ನೆಲೆಯಿದೆ. ತಾಯ್ನಾಡನ್ನು ಕಳೆದುಕೊಂಡು ಬಂದ ಟಿಬೆಟಿಯನ್ನರಿಗೆ ಬೈಲಕುಪ್ಪೆಯಲ್ಲಿ ಅಂದಿನ ಮೈಸೂರು ರಾಜ್ಯ ಸುಮಾರು ೩೦೦೦ ಎಕರೆ ಕೊಟ್ಟಿತು. ೧೯೬೦ರ ಕೊನೆಯಿಂದ ಅವರು ಬಂದು ನೆಲಸಿದರು. ೧೯೬೯ರಲ್ಲಿ ಅಲ್ಲೇ ಎರಡನೆಯ ವಸತಿಯಾಯಿತು; ೧೯೭೦ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು. ಪೊದೆ ಕಡಿದು, ಜೋಳ ಬಿತ್ತಿ, ಗುಂಪಾಗಿ ಮನೆ ಕಟ್ಟಿ, ಮಠಗಳನ್ನೆಬ್ಬಿಸಿದ ಆ ಜನರಿಗೆ ನೆಲ ಗುತ್ತಿಗೆಯದು, ಕ್ರಯದ್ದಲ್ಲ. ಆದರೂ ಮೈಸೂರಿನ ಯಾವ ಗೃಹಸ್ಥನೂ ಬೈಲಕುಪ್ಪೆಗೆ ಹೋಗಿಬಂದ ಮೇಲೆ ‘ಎಷ್ಟು ಪ್ರಶಾಂತವಾಗಿದೆ!’ ಎನ್ನದೆ ಇರುವುದಿಲ್ಲ. ಅಲ್ಲಿಯ ಶಾಂತಿ ಕ್ರಯಪತ್ರದಿಂದ ಬಂದದ್ದಲ್ಲವೆಂಬುದು ಸ್ಪಷ್ಟ. ಅದು ಒಟ್ಟಾಗಿ ಮಾಡಿಕೊಂಡ ಬಾಳಿನಿಂದ ಬಂದದ್ದು.

ಇನ್ನು ಉಳಿದದ್ದು ಹುಣಸೂರು. ಲಕ್ಷ್ಮಣತೀರ್ಥದ ದಂಡೆಯ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳಿಗೂ, ಸೈನ್ಯಕ್ಕೆ ಬೇಕಾದ ಚರ್ಮ, ಕಂಬಳಿ, ಗಾಡಿಗಳಿಗೂ ಹೆಸರಾಗಿತ್ತು. ನಮ್ಮ ವಿಷಯಕ್ಕೆ ಅದು ಮುಖ್ಯವಾಗುವುದು ಬೇರೆ ಕಾರಣದಿಂದ. ಈ ತಾಲ್ಲೂಕಿನ ಕಲ್ಲಹಳ್ಳಿಯವರು ದೇವರಾಜ ಅರಸರು; ೧೯೫೨ರಿಂದ ಹುಣಸೂರಿನ ಶಾಸಕರಾಗಿದ್ದು, ೧೯೭೨ರಲ್ಲಿ ಮುಖ್ಯಮಂತ್ರಿಗಳಾದರು. ೧೯೬೧ರ ಭೂಸುಧಾರಣಾ ಕಾಯಿದೆಗೆ ಅವರ ಸರ್ಕಾರ ತಂದ ತಿದ್ದುಪಡಿ ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿಕೊಂಡು, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಉತ್ತ ನೆಲಕ್ಕೆ ಒಡೆಯರಾದರು. ಅದಕ್ಕೂ ಮೊದಲೇ, ೧೯೫೪ ಮತ್ತು ೧೯೫೫ರ ಕಾಯಿದೆಗಳು ಇನಾಮುಗಳನ್ನು ರದ್ದುಮಾಡಿದ್ದುವು. ೧೯೬೩ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಹೋಗಿದ್ದುವು. ೧೯೭೮ರಲ್ಲಿ, ಅರಸರ ಕಾಲದಲ್ಲಿಯೇ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾದರೆ ಅದನ್ನು ಮರಳಿ ಕೊಡಿಸುವ ಕಾಯಿದೆ ಬಂದಿತು. ಆ ಕಾಯಿದೆಯ ಮೇರೆಗೆ ಅರ್ಜಿ ಹಾಕಲು ಕಾಲಮಿತಿಯಿಲ್ಲವೆಂದು ೨೦೨೩ರ ತಿದ್ದುಪಡಿ ಹೇಳಿತು.

ಸೈಟು ಕೊಳ್ಳುವವನಿಗೆ ಈ ಇಸವಿಗಳೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಅವನು ಕೊಳ್ಳುವ ಒಂದು ಅಂಗೈ ಅಗಲದ ನೆಲದ ಮೇಲೆ ಈ ಕಾಯಿದೆಗಳೆಲ್ಲ ಪದರಪದರವಾಗಿ ಕೂತಿವೆ. ಆ ಹೊಲ ಒಂದು ಕಾಲದಲ್ಲಿ ದೇವಾದಾಯವಾಗಿದ್ದೀತು, ಬ್ರಹ್ಮದಾಯವಾಗಿದ್ದೀತು. ಗೇಣಿದಾರನಿಗೆ ಮಂಡಳಿ ಕೊಟ್ಟದ್ದಾಗಿದ್ದೀತು. ಬಡವನೊಬ್ಬನಿಗೆ ಸರ್ಕಾರ ಮಾರಕೂಡದೆಂಬ ಷರತ್ತಿನೊಡನೆ ಮಂಜೂರು ಮಾಡಿದ್ದಾಗಿದ್ದೀತು. ಇಂದಿನ ಪಹಣಿಯಲ್ಲಿ ಕಾಣುವುದು ಮೇಲಿನ ಪದರ ಮಾತ್ರ. ೨೦೦೦ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಏರಿತು. ಕೈಬರಹದ ಗೋಜಲು ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಮೂಲ ಮಂಜೂರಾತಿಯ ಆದೇಶ, ಮಂಡಳಿಯ ತೀರ್ಪು, ಹಳೆಯ ಕ್ರಯಪತ್ರ ಇವುಗಳನ್ನು ಹುಡುಕಿ ಓದುವ ತಾಳ್ಮೆಯನ್ನು ಯಾವ ಯಂತ್ರವೂ ಕೊಡಲಾರದು.

ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ಅಡ್ಡಿಯೂ ಭೂಸುಧಾರಣಾ ಕಾಯಿದೆಯಲ್ಲಿತ್ತು. ೨೦೨೦ರಲ್ಲಿ ತಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆಂದು ಕೆಲವರು ಸಂತೋಷಪಟ್ಟರು. ಉಳುವವನೇ ಒಡೆಯ ಎಂದದ್ದು ಕೊಳ್ಳುವವನೇ ಒಡೆಯ ಎಂದಾಯಿತೆಂದು ಕೆಲವರು ಸಂಕಟಪಟ್ಟರು. ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯ ಇಲವಾಲದಲ್ಲಿ ೧೯೫೭ರ ಸೆಪ್ಟೆಂಬರಿನಲ್ಲಿ ಗ್ರಾಮದಾನ ಸಮ್ಮೇಳನ ನಡೆದದ್ದು ಇಲ್ಲಿ ನೆನಪಾಗುತ್ತದೆ. ವಿನೋಬಾ ಭಾವೆಯವರೂ, ಪ್ರಧಾನಿ ನೆಹರೂ ಅವರೂ, ಬೇರೆ ಬೇರೆ ಪಕ್ಷಗಳ ಮುಂದಾಳುಗಳೂ ಅಲ್ಲಿ ಕೂಡಿ, ನೆಲವನ್ನು ಊರಿನ ಒಟ್ಟು ಆಸ್ತಿಯಾಗಿ ಮಾಡುವುದು ಹೇಗೆಂದು ಚರ್ಚಿಸಿದರು. ಇಂದು ಅದೇ ಇಲವಾಲದ ಸುತ್ತ ನೆಲ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ಆ ಆದರ್ಶ ನಡೆಯಲಿಲ್ಲವೆಂದು ಹಳಹಳಿಸುವುದು ನಮ್ಮ ಉದ್ದೇಶವಲ್ಲ. ನೆಲವೆಂದರೆ ಒಬ್ಬನ ಆಸ್ತಿ ಮಾತ್ರವಲ್ಲ, ಊರಿನ ವ್ಯವಹಾರ ಎಂಬ ಭಾವನೆ ಇಲ್ಲಿಗೆ ಹೊಸದಲ್ಲ ಎಂಬುದಷ್ಟೆ ಹೇಳಬೇಕಾದ ಮಾತು.

ಈಗ ನಾವು ಹೊರಟ ಪ್ರಶ್ನೆಗೆ ಬರೋಣ. ಎಡತೊರೆಯನ್ನು ಸಾಗಿಸಿದವರ ಕ್ರಮ ನೆಲ, ಬೀದಿ, ಮನೆ ಎಂದು ಕಂಡೆವು. ಇಂದಿನ ಎಷ್ಟೋ ಖಾಸಗಿ ಬಡಾವಣೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಸೈಟು ಮಾರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮನೆ ಕಟ್ಟುತ್ತಾರೆ. ಹತ್ತಿಪ್ಪತ್ತು ಮನೆಗಳಾದ ಬಳಿಕ ಬೀದಿಗೆ ಅರ್ಜಿ, ಬೀದಿಯಾದ ಮೇಲೆ ಚರಂಡಿಗೆ ಅರ್ಜಿ, ಚರಂಡಿಯಾದ ಮೇಲೆ ಅದರ ನೀರು ಎಲ್ಲಿಗೆ ಹೋಗಬೇಕೆಂಬ ಜಗಳ. ಕಟ್ಟಕಡೆಗೆ, ಮೊದಲು ಕೇಳಬೇಕಾಗಿದ್ದ ಪ್ರಶ್ನೆ: ಈ ನೆಲ ಎಂಥದು? ಕೃಷಿಭೂಮಿಯನ್ನು ವಸತಿಗೆ ಬಳಸಬೇಕಾದರೆ ಪರಿವರ್ತನೆಯ ಆದೇಶ ಬೇಕೆಂದು ೧೯೬೪ರ ಭೂಕಂದಾಯ ಕಾಯಿದೆ ಹೇಳುತ್ತದೆ. ಅದಿಲ್ಲದೆ ಮಾರುವ ತುಂಡುಗಳಿಗೆ ಜನ ‘ರೆವಿನ್ಯೂ ಸೈಟು’ ಎಂದು ಹೆಸರಿಟ್ಟಿದ್ದಾರೆ. ಬೆಲೆ ಕಡಿಮೆ, ಮುಂದಿನ ತೊಂದರೆ ಹೆಚ್ಚು. ೨೦೧೬ರ ರೇರಾ ಕಾಯಿದೆ ದೊಡ್ಡ ಬಡಾವಣೆಗಳನ್ನು ನೋಂದಾಯಿಸಬೇಕೆಂದು ವಿಧಿಸಿದ ಮೇಲೆ ಕೊಳ್ಳುವವನ ಕೈಗೆ ಒಂದು ಊರುಗೋಲು ಸಿಕ್ಕಿದೆ. ನಡೆಯಬೇಕಾದವನು ಮಾತ್ರ ಅವನೇ.

ನೆಲ ಎಂಥದೆಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಮೊದಲ ಉತ್ತರ ನೀರು. ಕೃಷ್ಣರಾಜನಗರದ ತಾಲ್ಲೂಕು ನಾಲೆಗಳ ನಾಡು. ಭತ್ತದ ಕಣಜವೆಂದು ಹೆಸರಾದದ್ದು. ಉಳಿದ ಮೂರು ಕಡೆ ಕೆರೆಗಳ ಸರಣಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳ ಕೆರೆಗೆ ಬರಬೇಕು. ಕೆರೆಯ ಕೆಳಗೆ ತೂಬಿನಿಂದ ಅಚ್ಚುಕಟ್ಟಿಗೆ ಹರಿಯಬೇಕು. ಎರಡು ವರ್ಷ ಮಳೆ ಕೈಕೊಟ್ಟರೆ ಹಳ್ಳವೂ ಹೊಲದಂತೆಯೇ ಕಾಣುತ್ತದೆ. ಆಗ ಅಲ್ಲಿ ಕಲ್ಲು ನೆಡುವುದು ಸುಲಭ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂಬ ಗಾದೆಯಿದೆ. ಇಲ್ಲಿ ಅದು ತಿರುಗುಮುರುಗಾಗಿ, ನೀರೇ ಊರಿಗೆ ಬರುತ್ತದೆ. ೨೦೧೯ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ, ಕಬಿನಿಗಳು ಉಕ್ಕಿ ಹುಣಸೂರು, ಹೆಗ್ಗಡದೇವನಕೋಟೆಗಳ ತಗ್ಗಿನ ನೆಲಕ್ಕೆ ನುಗ್ಗಿದಾಗ, ೧೯೨೪ ಅಷ್ಟೇನೂ ಹಳೆಯ ಕಥೆಯಲ್ಲವೆಂದು ಎಲ್ಲರಿಗೂ ತಿಳಿಯಿತು.

ಕ್ರಯಪತ್ರದ ಚಕ್ಕುಬಂದಿಯನ್ನು ಓದುವಾಗ ನಮ್ಮ ಹಿರಿಯರು ವಹಿಸುತ್ತಿದ್ದ ಎಚ್ಚರ ಈಗಲೂ ಬೇಕು. ಹೊಸ ಪತ್ರದಲ್ಲಿ ‘ಪಶ್ಚಿಮಕ್ಕೆ ೩೦ ಅಡಿ ರಸ್ತೆ’ ಎಂದಿದ್ದು, ಅದೇ ಸರ್ವೆ ನಂಬರಿನ ಹಳೆಯ ಪತ್ರದಲ್ಲಿ ‘ಪಶ್ಚಿಮಕ್ಕೆ ಹಳ್ಳ’ ಎಂದಿದ್ದರೆ, ಆ ಎರಡು ಮಾತುಗಳ ನಡುವೆ ಒಂದು ಇಡೀ ಚರಿತ್ರೆ ಹೂತುಹೋಗಿದೆಯೆಂದು ತಿಳಿಯಬೇಕು. ಮೈಸೂರು ಸಂಸ್ಥಾನದಲ್ಲಿ ೧೮೬೩ರಿಂದ ನಡೆದ ಕಂದಾಯ ಮೋಜಣಿಯ ಕಾಲದಿಂದ ಹಳ್ಳಿಗಳಿಗೆ ನಕ್ಷೆಗಳಿವೆ. ಕೆರೆ, ಹಳ್ಳ, ಗಾಡಿದಾರಿ, ಗುಂಡುತೋಪು, ಗೋಮಾಳ ಎಲ್ಲವೂ ಅವುಗಳಲ್ಲಿ ಇವೆ. ಬಣ್ಣದ ಕಾಗದದಲ್ಲಿ ಅಚ್ಚಾದ ಬಡಾವಣೆಯ ನಕ್ಷೆಯನ್ನು ಆ ಹಳೆಯ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದವನು ಮೋಸಹೋಗುವುದು ಕಡಿಮೆ. ಮತ್ತೂ ಒಂದು ಉಪಾಯವಿದೆ. ಅದಕ್ಕೆ ಶುಲ್ಕವೂ ಇಲ್ಲ. ಮಾಘ ಫಾಲ್ಗುಣಗಳ ಒಣ ಬಿಸಿಲಿನಲ್ಲಿ ನೋಡಿ ಮೆಚ್ಚಿದ ಸೈಟನ್ನು ಶ್ರಾವಣದ ಮಳೆಯಲ್ಲಿ ಇನ್ನೊಮ್ಮೆ ಹೋಗಿ ನೋಡಬೇಕು. ಪಕ್ಕದ ಹೊಲದ ಮುದುಕರನ್ನು ‘ಯಜಮಾನರೆ, ಇಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು?’ ಎಂದು ಕೇಳಬೇಕು. ದಲ್ಲಾಳಿ ಹೇಳದ್ದನ್ನು ಅವರು ಹೇಳಿಯಾರು.

ಮಧ್ಯಮ ವರ್ಗದ ಗೃಹಸ್ಥನ ಆಸೆಯನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೋದವರಿಗೆ ಸ್ವಂತ ಬಾಗಿಲಿನ ಬೆಲೆ ಗೊತ್ತು. ಹೆಂಡತಿಯ ಒಡವೆ, ಭವಿಷ್ಯನಿಧಿ, ಮಕ್ಕಳ ಓದಿಗೆಂದು ತೆಗೆದಿಟ್ಟ ಹಣ ಇಷ್ಟನ್ನೂ ಸುರಿದು ಅವನು ಕೊಳ್ಳುವುದು ಬಾಳಿನ ಸಂಧ್ಯೆಯ ನಾಲ್ಕು ನೆಮ್ಮದಿಯ ದಿನಗಳನ್ನು. ಆದ್ದರಿಂದಲೇ ಚರಿತ್ರೆಯ ಮಾತು ಅವನ ಕಿವಿಗೆ ಬೀಳಬೇಕು. ನಮ್ಮ ಸೀಮೆಯ ಪ್ರಶಾಂತ ಸ್ಥಳಗಳನ್ನು ಯಾರೂ ಹೊಲದ ನಡುವೆ ಕಂಡುಹಿಡಿದು ತಂದದ್ದಲ್ಲ. ಪ್ಲೇಗಿನ ಬಳಿಕ ಮೈಸೂರಿನಲ್ಲಿ, ನೆರೆಯ ಬಳಿಕ ಎಡತೊರೆಯಲ್ಲಿ, ದೇಶ ಬಿಟ್ಟ ಬಳಿಕ ಬೈಲಕುಪ್ಪೆಯಲ್ಲಿ ಜನ ಒಟ್ಟಾಗಿ ಕೂತು ಯೋಚಿಸಿ ಅವುಗಳನ್ನು ಮಾಡಿದರು. ಮೂರು ಕಡೆಯೂ ಸಂಕಟ ಮೊದಲು, ಯೋಚನೆ ಆಮೇಲೆ, ಶಾಂತಿ ಕೊನೆಗೆ. ಇಂದಿನ ಬಡಾವಣೆ ಶಾಂತಿಯನ್ನು ಮೊದಲೇ ಮಾರಿ, ಯೋಚನೆಯನ್ನು ಕೊಂಡವನಿಗೆ ಬಿಟ್ಟು, ಸಂಕಟವನ್ನು ಅವನ ಮಕ್ಕಳಿಗೆ ಉಳಿಸುತ್ತದೆ.

ಅರಸೊತ್ತಿಗೆ ಮುಗಿದುಹೋಯಿತು, ಒಂದು ಊರನ್ನೇ ಎತ್ತಿ ಎತ್ತರಕ್ಕೆ ಇಡುವ ಮಹಾರಾಜರು ಮತ್ತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆ ಅಧಿಕಾರ ಈಗ ಪುರಸಭೆ, ಪಂಚಾಯಿತಿ, ಪ್ರಾಧಿಕಾರಗಳಲ್ಲಿದೆ. ಅವುಗಳನ್ನು ಆರಿಸುವ, ಪ್ರಶ್ನಿಸುವ ಹಕ್ಕು ನಮ್ಮಲ್ಲಿದೆ. ಕಲ್ಲು ನೆಟ್ಟ ಹೊಲದ ಮುಂದೆ ನಿಂತ ಗೃಹಸ್ಥ ‘ಅಡಿಗೆ ಎಷ್ಟು?’ ಎಂದು ಕೇಳುವ ಮೊದಲು ‘ಬೀದಿ ಎಲ್ಲಿ? ಅದರ ನೀರು ಹೋಗುವುದೆಲ್ಲಿಗೆ? ಇಲ್ಲಿ ಮೊದಲು ಯಾರಿದ್ದರು?’ ಎಂದು ಕೇಳಲಿ. ಉತ್ತರ ಸಿಕ್ಕಿದ ಕಡೆ ಕೊಳ್ಳಲಿ, ಕಟ್ಟಲಿ. ಕಟ್ಟಿದ ಮೇಲೆ ಪಕ್ಕದವರೊಡನೆ ಸೇರಿ ಎರಡು ಹೊಂಗೆಯ ಸಸಿಗಳನ್ನೂ ನೆಡಲಿ.